ಬಯೋಮೆಟ್ರಿಕ್ ಹಾಜರಾತಿ ಯಂತ್ರ: ಅಳವಡಿಸುವ ಮುನ್ನ, ಅಳವಡಿಸುವಾಗ, ಆಮೇಲೆ

ಗೋಡೆಗೆ ನಾಲ್ಕು ಸ್ಕ್ರೂ ಬಿಗಿದು, ವಿದ್ಯುತ್ ಸಂಪರ್ಕ ಕೊಟ್ಟು, ಎಲ್ಲರಿಂದಲೂ ಒಮ್ಮೆ ಬೆರಳು ಒತ್ತಿಸಿದರೆ ಬಯೋಮೆಟ್ರಿಕ್ ಹಾಜರಾತಿ ವ್ಯವಸ್ಥೆ ಸಿದ್ಧವಾಯಿತು ಎಂದು ತಿಳಿಯುವವರು ಬಹಳ. ಅಷ್ಟು ಕೆಲಸಕ್ಕೆ ಅರ್ಧ ದಿನ ಸಾಕು. ಆದರೆ ತಿಂಗಳ ಕೊನೆಗೆ ಸಂಬಳದ ಲೆಕ್ಕಕ್ಕೆ ಕುಳಿತಾಗ ಏಳುವ ತಕರಾರುಗಳನ್ನು ನೋಡಿದರೆ, ಯಂತ್ರದ ದೋಷದಿಂದ ಹುಟ್ಟಿದವು ಅವುಗಳಲ್ಲಿ ಕಡಿಮೆಯೇ ಇರುತ್ತವೆ. ಯಂತ್ರ ದಾಖಲಿಸುವುದು ಯಾವ ಸಂಖ್ಯೆಯ ಉದ್ಯೋಗಿ ಯಾವ ಹೊತ್ತಿಗೆ ಬೆರಳು ಇಟ್ಟರು ಎಂಬುದನ್ನು ಮಾತ್ರ. ಆ ಹೊತ್ತು ತಡವೋ ಸಕಾಲವೋ, ಅದಕ್ಕೆ ಅರ್ಧ ದಿನದ ಸಂಬಳ ಕಡಿತವಾಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಸಂಸ್ಥೆಯ ನಿಯಮ. ಹಾಗಾಗಿ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ನಿಯಮಗಳನ್ನು ಬರೆದುಕೊಳ್ಳುವುದೇ ಸರಿಯಾದ ಆರಂಭ.

ಮೊದಲು ನಿಯಮ

ಪಾಳಿಗಳು ಎಷ್ಟು, ಪ್ರತಿಯೊಂದರ ಆರಂಭ ಮತ್ತು ಅಂತ್ಯ ಯಾವಾಗ, ಎಷ್ಟು ನಿಮಿಷದವರೆಗಿನ ತಡವನ್ನು ತಡವೆಂದು ಎಣಿಸುವುದಿಲ್ಲ, ಊಟದ ವಿರಾಮಕ್ಕೂ ಬೆರಳು ಒತ್ತಬೇಕೇ, ಪಾಳಿ ಮುಗಿದ ಮೇಲೆ ಎಷ್ಟು ಹೊತ್ತು ಕೆಲಸ ಮಾಡಿದರೆ ಓವರ್‌ಟೈಮ್ ಆಗುತ್ತದೆ, ಅದಕ್ಕೆ ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಇರಬೇಕು. ಕೈಬರಹದ ಹಾಜರಿ ಪುಸ್ತಕ ಇದ್ದ ಕಡೆ ಇವುಗಳಲ್ಲಿ ಅರ್ಧದಷ್ಟು ಮೇಲ್ವಿಚಾರಕರ ವಿವೇಚನೆಯಲ್ಲಿ ನಡೆದುಹೋಗುತ್ತಿದ್ದವು. ಯಂತ್ರದ ದಾಖಲೆಗಳಿಂದ ಹಾಜರಿಯ ಲೆಕ್ಕ ಹಾಕುವ ತಂತ್ರಾಂಶಕ್ಕೆ ವಿವೇಚನೆ ಇಲ್ಲ. ನೀವು ತುಂಬದೆ ಬಿಟ್ಟ ಜಾಗದಲ್ಲಿ ಅದರ ತಯಾರಕರು ಇಟ್ಟ ಪೂರ್ವನಿಗದಿತ ನಿಯಮವೇ ಜಾರಿಗೆ ಬರುತ್ತದೆ, ಮತ್ತು ಆ ನಿಯಮ ಏನೆಂಬುದು ಮೊದಲ ಸಂಬಳ ಕಡಿತವಾದಾಗಷ್ಟೇ ನಿಮಗೆ ತಿಳಿಯುತ್ತದೆ.

ಎರಡು ಸಂದರ್ಭಗಳನ್ನು ವಿಶೇಷವಾಗಿ ಯೋಚಿಸಿಡಬೇಕು. ಒಂದು, ಬರುವಾಗ ಒತ್ತಿ ಹೋಗುವಾಗ ಮರೆತವರದು. ಇದು ಯಾವ ಸಂಸ್ಥೆಯಲ್ಲಿಯೂ ತಪ್ಪಿದ್ದಲ್ಲ. ಅಂಥವರು ಎಷ್ಟು ದಿನದೊಳಗೆ, ಯಾರಿಗೆ ಬರೆದುಕೊಡಬೇಕು, ತಿದ್ದುಪಡಿಯನ್ನು ಯಾರು ಮಾಡಬೇಕು ಎಂಬುದು ಮೊದಲೇ ಗೊತ್ತಿರಬೇಕು. ಇನ್ನೊಂದು, ಬೆರಳಚ್ಚು ಹಿಡಿಯದೇ ಇರುವವರದು. ಅದರ ಮಾತು ಮುಂದೆ ಬರುತ್ತದೆ.

ಉದ್ಯೋಗಿಗಳಿಗೆ ಮುಂಚಿತವಾಗಿ ತಿಳಿಸುವುದು ಸೌಜನ್ಯ ಮಾತ್ರವಲ್ಲ, ಅನೇಕ ಕಡೆ ಕಾನೂನಿನ ಅಗತ್ಯ ಕೂಡ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ನಿಯಮವು, ವ್ಯಕ್ತಿಯನ್ನು ಗುರುತಿಸಲು ಬಳಸುವ ಬಯೋಮೆಟ್ರಿಕ್ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಅಮೆರಿಕದ ಇಲಿನಾಯ್ ರಾಜ್ಯದ 2008ರ ಕಾಯ್ದೆಯ ಪ್ರಕಾರ, ಮಾಹಿತಿ ಪಡೆಯುವ ಮೊದಲೇ ಲಿಖಿತ ತಿಳಿವಳಿಕೆ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಬೇಕು. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ನೀವಿರುವ ಕಡೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ಬಲ್ಲವರಿಂದ ಕೇಳಿ ತಿಳಿದು, ಏನನ್ನು ಸಂಗ್ರಹಿಸುತ್ತೇವೆ, ಯಾವ ಉದ್ದೇಶಕ್ಕೆ, ಎಲ್ಲಿ ಇಡುತ್ತೇವೆ, ಎಷ್ಟು ಕಾಲ ಇಡುತ್ತೇವೆ, ಯಾವಾಗ ಅಳಿಸುತ್ತೇವೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ. ಯಂತ್ರದಲ್ಲಿ ಬೆರಳಿನ ಚಿತ್ರ ಇರುವುದಿಲ್ಲ, ಆದ್ದರಿಂದ ಚಿಂತೆ ಬೇಡ ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ಸತ್ಯ. ಸಾಮಾನ್ಯವಾಗಿ ಉಳಿಯುವುದು ರೇಖೆಗಳು ಕೊನೆಗೊಳ್ಳುವ ಮತ್ತು ಕವಲೊಡೆಯುವ ಬಿಂದುಗಳ ಗಣಿತರೂಪ, ಅಂದರೆ ಟೆಂಪ್ಲೇಟ್, ಎಂಬುದು ನಿಜ. ಆದರೆ ಅಂತಹ ಟೆಂಪ್ಲೇಟ್‌ನಿಂದ ಮೂಲವನ್ನು ಹೋಲುವ ಬೆರಳಚ್ಚಿನ ಚಿತ್ರವನ್ನು ಮರಳಿ ಕಟ್ಟಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಸೋರಿಹೋದ ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹೆಜ್ಜೆಗಳನ್ನು ಇಡಬೇಕು.

ಯಾವ ಯಂತ್ರ

ಅಮೆರಿಕದ ವಿಲ್ಲರ್ಡ್ ಬಂಡಿ 1888ರಲ್ಲಿ ರೂಪಿಸಿದ ಹಾಜರಿ ಗಡಿಯಾರದಲ್ಲಿ ಪ್ರತಿ ಕಾರ್ಮಿಕನಿಗೂ ಸಂಖ್ಯೆಯುಳ್ಳ ಒಂದು ಕೀಲಿ ಇರುತ್ತಿತ್ತು. ಅದನ್ನು ತಿರುಗಿಸಿದರೆ ಸಂಖ್ಯೆ ಮತ್ತು ಸಮಯ ಕಾಗದದ ಮೇಲೆ ಮುದ್ರೆಯಾಗುತ್ತಿತ್ತು. ಕೀಲಿಯನ್ನು ಗೆಳೆಯನ ಕೈಗೆ ಕೊಟ್ಟು ಕಳುಹಿಸಲು ಅಡ್ಡಿಯೇನೂ ಇರಲಿಲ್ಲ. ಕಾರ್ಡು, ಪಿನ್ ಸಂಖ್ಯೆಗಳ ದೌರ್ಬಲ್ಯವೂ ಇದೇ. ಬಯೋಮೆಟ್ರಿಕ್ ಯಂತ್ರವನ್ನು ಕೊಳ್ಳುವ ಮುಖ್ಯ ಕಾರಣ ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕುವುದನ್ನು ತಡೆಯುವುದೇ ಆಗಿದೆ. ಅಂಥ ತೊಂದರೆಯೇ ಇಲ್ಲದ, ಹತ್ತು ಹನ್ನೆರಡು ಜನರ ಕಚೇರಿಗೆ ಇದು ಬೇಕೇ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.

ಬೇಕೆಂದಾದರೆ ಆಯ್ಕೆ ಕೆಲಸದ ಸ್ವರೂಪವನ್ನು ಅವಲಂಬಿಸುತ್ತದೆ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಬೆರಳಚ್ಚು ಸಾಕು. ಸಿಮೆಂಟ್, ಸುಣ್ಣ, ಮಾರ್ಜಕ, ರಾಸಾಯನಿಕಗಳಲ್ಲಿ ಕೈಯಾಡಿಸುವವರ ಬೆರಳ ರೇಖೆಗಳು ಸವೆದಿರುತ್ತವೆ. ಕೈಗವಸು ತೊಡುವವರು ಪ್ರತಿ ಸಲ ಅದನ್ನು ಕಳಚಬೇಕಾಗುತ್ತದೆ. ಅಂಥ ಕಡೆ ಮುಖ ಗುರುತಿಸುವ ಯಂತ್ರ ಮೇಲು. ಮುಖದ ಯಂತ್ರವನ್ನು ಕೊಳ್ಳುವುದಾದರೆ ಅದು ಕೇವಲ ಸಾಮಾನ್ಯ ಕ್ಯಾಮೆರಾವನ್ನು ನಂಬಿದೆಯೋ ಅಥವಾ ಅತಿಗೆಂಪು ಬೆಳಕಿನ ನೆರವಿನಿಂದ ಎದುರಿಗಿರುವುದು ಜೀವಂತ ಮುಖವೇ ಎಂದು ಪರೀಕ್ಷಿಸುತ್ತದೆಯೋ ಎಂದು ಕೇಳಿ. ಮೊಬೈಲ್ ಪರದೆಯಲ್ಲಿ ತೋರಿಸಿದ ಛಾಯಾಚಿತ್ರಕ್ಕೆ ಬಾಗಿಲು ತೆರೆಯುವ ಯಂತ್ರದಿಂದ ಉಪಯೋಗವಿಲ್ಲ. ಖರೀದಿಗೆ ಮುನ್ನ ಅಂಗಡಿಯಲ್ಲಿಯೇ ಫೋಟೊ ಹಿಡಿದು ನೋಡುವುದಕ್ಕೆ ಸಂಕೋಚಪಡಬೇಕಿಲ್ಲ.

ನಿಖರತೆಯನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ: ಬೇರೆಯವರನ್ನು ತಪ್ಪಾಗಿ ಒಪ್ಪಿಕೊಳ್ಳುವ ಪ್ರಮಾಣ, ಸರಿಯಾದವರನ್ನು ತಪ್ಪಾಗಿ ತಿರಸ್ಕರಿಸುವ ಪ್ರಮಾಣ. ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಮೊದಲನೆಯದು ಲಕ್ಷಕ್ಕೆ ಒಂದು ಎಂದು ಬರೆದಿದ್ದರೆ ತುಂಬ ಸುರಕ್ಷಿತ ಎನಿಸಬಹುದು. ಆದರೆ ಆ ಅಂಕಿ ಒಂದು ಹೋಲಿಕೆಗೆ ಸಂಬಂಧಿಸಿದ್ದು. 500 ಜನರ ಎರಡೆರಡು ಬೆರಳುಗಳನ್ನು ನೋಂದಾಯಿಸಿದಲ್ಲಿ ಪ್ರತಿ ಬಾರಿ ಬೆರಳು ಇಟ್ಟಾಗಲೂ ಯಂತ್ರ 1,000 ಟೆಂಪ್ಲೇಟ್‌ಗಳೊಂದಿಗೆ ಹೋಲಿಸಬೇಕಾಗುತ್ತದೆ. ಆಗ ತಪ್ಪು ಹೊಂದಾಣಿಕೆಯ ಸಾಧ್ಯತೆ ಸುಮಾರು ನೂರಕ್ಕೆ ಒಂದಕ್ಕೆ ಏರುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಮೊದಲು ಉದ್ಯೋಗಿ ಸಂಖ್ಯೆ ಒತ್ತಿ ಅಥವಾ ಕಾರ್ಡು ತೋರಿಸಿ, ಆಮೇಲೆ ಬೆರಳು ಇಡುವ ಕ್ರಮವನ್ನು ಅನುಸರಿಸುವುದು ಇದೇ ಕಾರಣಕ್ಕೆ. ಆಗ ಹೋಲಿಕೆ ಆ ಒಬ್ಬರ ಟೆಂಪ್ಲೇಟ್‌ಗಳೊಂದಿಗೆ ಮಾತ್ರ ನಡೆಯುತ್ತದೆ.

ಎಷ್ಟು ಯಂತ್ರ ಬೇಕೆಂಬುದಕ್ಕೂ ಸರಳ ಲೆಕ್ಕವಿದೆ. ಒಬ್ಬರು ಬೆರಳಿಟ್ಟು ಸರಿದು ನಿಲ್ಲಲು ಮೂರು ಸೆಕೆಂಡ್ ಹಿಡಿದರೆ 200 ಜನರಿಗೆ ಹತ್ತು ನಿಮಿಷ ಬೇಕು. ಐದು ನಿಮಿಷದ ವಿನಾಯಿತಿ ಕೊಟ್ಟು ಒಂದೇ ಯಂತ್ರ ಇಟ್ಟರೆ, ಸಮಯಕ್ಕೆ ಬಂದವರನ್ನು ಸರತಿ ಸಾಲೇ ತಡ ಮಾಡಿಸಿದಂತಾಗುತ್ತದೆ.

ಜಾಗ, ವಿದ್ಯುತ್, ಸಂಪರ್ಕ

ಯಂತ್ರ ಪ್ರವೇಶದ್ವಾರದ ಒಳಗೆ, ಸಾಲು ನಿಲ್ಲಲು ಜಾಗವಿರುವ ಕಡೆ, ಸಾಧ್ಯವಾದರೆ ಯಾರಾದರೂ ಕೂರುವ ಮೇಜಿನಿಂದ ಕಾಣುವಂತಿರಲಿ. ಮಳೆನೀರು, ಧೂಳು, ನೇರ ಬಿಸಿಲು ತಾಗಬಾರದು. ಬಿಸಿಲು ಬೆಳಕಿನ ಮೂಲಕ ಬೆರಳನ್ನು ಓದುವ ಸೆನ್ಸರನ್ನೂ ಮುಖದ ಕ್ಯಾಮೆರಾವನ್ನೂ ಗಲಿಬಿಲಿಗೊಳಿಸುತ್ತದೆ. ಕಿಟಕಿಗೆ ಎದುರಾದ ಗೋಡೆಯೂ ಅಷ್ಟೇನೂ ಒಳ್ಳೆಯದಲ್ಲ, ಏಕೆಂದರೆ ಅಳವಡಿಸಿದ ಹೊತ್ತಿಗೆ ನೆರಳಿದ್ದ ಜಾಗಕ್ಕೆ ಸಂಜೆ ಬಿಸಿಲು ಬೀಳಬಹುದು. ಬೆರಳಿನ ಯಂತ್ರವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಇಟ್ಟರೆ ಗಾಲಿಕುರ್ಚಿ ಬಳಸುವವರಿಗೂ ಎಟಕುತ್ತದೆ. ಮುಖದ ಯಂತ್ರಕ್ಕೆ ತಯಾರಕರ ಕೈಪಿಡಿ ಹೇಳುವ ಎತ್ತರವನ್ನೇ ಅನುಸರಿಸಿ, ಗಿಡ್ಡ ಮತ್ತು ಎತ್ತರದ ಇಬ್ಬರನ್ನು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ತೂತು ಕೊರೆಯಿರಿ.

ಯಂತ್ರದ ಜೊತೆ ಬಂದ ಅಡಾಪ್ಟರನ್ನೇ ಬಳಸಿ, ಅದನ್ನು ಯುಪಿಎಸ್‌ಗೆ ಜೋಡಿಸಿ. ವಿದ್ಯುತ್ ಹೋದ ಹತ್ತು ನಿಮಿಷದಲ್ಲಿಯೇ ಪಾಳಿ ಬದಲಾದರೆ ಇಡೀ ಗುಂಪಿನ ದಾಖಲೆ ಕೈತಪ್ಪುತ್ತದೆ. ವೈಫೈಗಿಂತ ಕೇಬಲ್ ಸಂಪರ್ಕ ನಂಬಿಕೆಗೆ ಅರ್ಹ; ಸಾಮಾನ್ಯ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಸಾಲುತ್ತದೆ. ಯಂತ್ರಕ್ಕೆ ಬದಲಾಗದ ಐಪಿ ವಿಳಾಸವನ್ನು ಕೊಡಿ, ಇಲ್ಲವಾದರೆ ರೂಟರ್ ಮರುಚಾಲನೆಯಾದಾಗ ವಿಳಾಸ ಬದಲಾಗಿ ತಂತ್ರಾಂಶಕ್ಕೆ ಯಂತ್ರ ಸಿಗದೇ ಹೋಗಬಹುದು. ಯಂತ್ರವನ್ನು ಹೊರಗಿನ ಇಂಟರ್ನೆಟ್‌ಗೆ ನೇರವಾಗಿ ತೆರೆದಿಡಬೇಡಿ.

ಮೊದಲ ಚಾಲನೆ

ಯಂತ್ರ ಚಾಲೂ ಆದೊಡನೆ ಮಾಡಬೇಕಾದ ಮೊದಲ ಕೆಲಸ ಆಡಳಿತಗಾರರ ನೋಂದಣಿ. ಆಡಳಿತಗಾರರು ಯಾರೂ ಇಲ್ಲದಿದ್ದರೆ ಅನೇಕ ಯಂತ್ರಗಳಲ್ಲಿ ದಾರಿಹೋಕರೂ ಮೆನು ಗುಂಡಿ ಒತ್ತಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದು. ಒಬ್ಬರನ್ನಲ್ಲ, ಇಬ್ಬರನ್ನು ನೋಂದಾಯಿಸಿ. ಒಬ್ಬರು ಕೆಲಸ ಬಿಟ್ಟ ದಿನ ಯಂತ್ರಕ್ಕೆ ಬೀಗ ಬಿದ್ದಂತಾಗಬಾರದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ತಕ್ಷಣ ಬದಲಿಸಿ. ಬಳಿಕ ದಿನಾಂಕ, ಸಮಯ ಮತ್ತು ಕಾಲವಲಯವನ್ನು ಸರಿಪಡಿಸಿ, ಜಾಲದ ಸಮಯ ಸರ್ವರಿನಿಂದ ತಾನಾಗಿ ಹೊಂದಿಕೊಳ್ಳುವಂತೆ ಮಾಡಿ. ಎರಡು ಯಂತ್ರಗಳ ನಡುವೆ ನಾಲ್ಕು ನಿಮಿಷದ ವ್ಯತ್ಯಾಸವಿದೆ ಎಂದು ಉದ್ಯೋಗಿಗಳಿಗೆ ತಿಳಿದರೆ ನಿಧಾನವಾದ ಗಡಿಯಾರದ ಮುಂದೆ ಮಾತ್ರ ಸಾಲು ಬೆಳೆಯುತ್ತದೆ.

ನೋಂದಣಿಗೆ ಅವಸರ ಬೇಡ

ಇಡೀ ಕೆಲಸದಲ್ಲಿ ಸಮಯ ಕೊಡಬೇಕಾದ ಘಟ್ಟ ಇದು. ಇಲ್ಲಿ ಒಬ್ಬರಿಗೆ ಎರಡು ನಿಮಿಷ ಉಳಿಸಿದರೆ, ಅವರು ದಿನಕ್ಕೆರಡು ಬಾರಿ ಯಂತ್ರದ ಮುಂದೆ ನಿಂತು ಮತ್ತೆ ಮತ್ತೆ ಒತ್ತುತ್ತಾ ಅದನ್ನು ವರ್ಷವಿಡೀ ತೀರಿಸುತ್ತಾರೆ.

ಮೊದಲಿಗೆ ಸಂಖ್ಯೆ. ಯಂತ್ರದಲ್ಲಿನ ಉದ್ಯೋಗಿ ಸಂಖ್ಯೆಯೂ ಸಂಬಳದ ಪಟ್ಟಿಯಲ್ಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಯಂತ್ರ ತಾನಾಗಿ ಕೊಡುವ 1, 2, 3 ಎಂಬ ಸಂಖ್ಯೆಗಳನ್ನು ಒಪ್ಪಿಕೊಂಡರೆ ಎರಡು ಪಟ್ಟಿಗಳನ್ನು ಹೊಂದಿಸುವ ಕೆಲಸ ಪ್ರತಿ ತಿಂಗಳೂ ಕಾಡುತ್ತದೆ. ಕೆಲಸ ಬಿಟ್ಟವರ ಸಂಖ್ಯೆಯನ್ನು ಹೊಸಬರಿಗೆ ಕೊಡಬೇಡಿ. ಹಳೆಯ ದಾಖಲೆಗಳು ಹೊಸ ಹೆಸರಿಗೆ ಅಂಟಿಕೊಳ್ಳುತ್ತವೆ.

ಒಬ್ಬೊಬ್ಬರನ್ನೇ ಕರೆದು, ಗುರುತಿನ ಚೀಟಿ ನೋಡಿ, ಕೈ ತೊಳೆದು ಒರೆಸಿಕೊಂಡ ಮೇಲೆ ನೋಂದಾಯಿಸಿ. ತೋರುಬೆರಳು ಮತ್ತು ನಡುಬೆರಳು ಉತ್ತಮ. ಕಿರುಬೆರಳನ್ನು ಸೆನ್ಸರಿನ ನಡುವೆ ಸರಿಯಾಗಿ ಇಡುವುದು ಕಷ್ಟ. ಎರಡೂ ಕೈಗಳಿಂದ ಒಂದೊಂದು ಬೆರಳು ತೆಗೆದುಕೊಂಡರೆ ಗಾಯವಾಗಿ ಒಂದು ಕೈಗೆ ಪಟ್ಟಿ ಕಟ್ಟಿದಾಗಲೂ ತೊಂದರೆಯಾಗದು. ಬೆರಳ ತುದಿಯನ್ನು ಚುಚ್ಚಿದಂತೆ ನಿಲ್ಲಿಸದೆ, ರೇಖೆಗಳು ಸುತ್ತಿಕೊಳ್ಳುವ ಮಧ್ಯಭಾಗ ಗಾಜಿನ ಮೇಲೆ ಚಪ್ಪಟೆಯಾಗಿ ಕೂರುವಂತೆ ಇಡಬೇಕು. ಹೆಚ್ಚು ಬಲ ಹಾಕಿದರೆ ರೇಖೆಗಳು ಹರಡಿಕೊಂಡು ಒಂದಕ್ಕೊಂದು ಸೇರಿಹೋಗುತ್ತವೆ. ಯಂತ್ರ ಸಾಮಾನ್ಯವಾಗಿ ಒಂದೇ ಬೆರಳನ್ನು ಮೂರು ಬಾರಿ ಕೇಳುತ್ತದೆ. ಪ್ರತಿ ಸಲವೂ ಬೆರಳನ್ನು ಪೂರ್ತಿ ಎತ್ತಿ ಮತ್ತೆ ಇಡಬೇಕು. ನೋಂದಣಿ ಮುಗಿದ ಕೂಡಲೇ ಅವರನ್ನು ಕಳುಹಿಸದೆ, ಎರಡೂ ಬೆರಳುಗಳಿಂದ ಹಾಜರಿ ಹಾಕಿಸಿ ಪರದೆಯಲ್ಲಿ ಅವರದೇ ಹೆಸರು ಬರುವುದನ್ನು ಅವರ ಕಣ್ಣೆದುರೇ ಖಚಿತಪಡಿಸಿ.

ಒಣಚರ್ಮದವರ ಬೆರಳು ಹಿಡಿಯದಿದ್ದರೆ ಸ್ವಲ್ಪ ಕ್ರೀಮು ಸವರಿ ಒರೆಸಿ ನೋಡಬಹುದು. ವಯಸ್ಸಾದವರಲ್ಲಿ ಮತ್ತು ಕೈಕೆಲಸ ಮಾಡುವವರಲ್ಲಿ ಯಾವ ಬೆರಳೂ ಹಿಡಿಯದಿರುವುದು ಉಂಟು. ಆಗ ಅವರ ಸಲುವಾಗಿ ಯಂತ್ರದ ಹೊಂದಾಣಿಕೆಯ ಮಿತಿಯನ್ನು ಎಲ್ಲರಿಗೂ ಸಡಿಲಿಸುವುದು ತಪ್ಪು ದಾರಿ. ಅದರಿಂದ ಒಬ್ಬರ ಬೆರಳಿಗೆ ಇನ್ನೊಬ್ಬರ ಹಾಜರಿ ಬೀಳುವ ಅಪಾಯ ಹೆಚ್ಚುತ್ತದೆ. ಅವರಿಗೆ ಕಾರ್ಡು, ಪಿನ್ ಅಥವಾ ಮುಖದ ವ್ಯವಸ್ಥೆ ಮಾಡಿ, ಅದು ಅವರ ತಪ್ಪಲ್ಲವೆಂದು ಎಲ್ಲರಿಗೂ ತಿಳಿಯುವಂತೆ ನಡೆದುಕೊಳ್ಳಿ. ಬೆರಳು ಕೊಡಲು ಒಪ್ಪದವರಿಗೂ ಇದೇ ದಾರಿ ತೆರೆದಿದ್ದರೆ ಒಪ್ಪಿಗೆ ಎಂಬುದಕ್ಕೆ ಅರ್ಥ ಬರುತ್ತದೆ.

ತಂತ್ರಾಂಶ

ಮೊದಲು ಬರೆದಿಟ್ಟ ನಿಯಮಗಳನ್ನು ಈಗ ತಂತ್ರಾಂಶಕ್ಕೆ ತುಂಬಿಸಬೇಕು. ಹೆಚ್ಚು ಎಡವಟ್ಟಾಗುವುದು ರಾತ್ರಿ ಪಾಳಿಯಲ್ಲಿ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಟವರ ಎರಡು ದಾಖಲೆಗಳು ಎರಡು ದಿನಾಂಕಗಳಿಗೆ ಸೇರುತ್ತವೆ. ದಿನ ಮಧ್ಯರಾತ್ರಿಗೆ ಮುಗಿಯುತ್ತದೆ ಎಂಬ ನಿಯಮವಿದ್ದರೆ ಎರಡು ದಿನವೂ ಅಪೂರ್ಣ ಹಾಜರಿ ಎಂದು ತೋರಿಸುತ್ತದೆ. ಆ ಪಾಳಿಗೆ ದಿನದ ಗಡಿಯನ್ನು ಮಧ್ಯಾಹ್ನಕ್ಕೆ ಸರಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಅನುಮಾನದಿಂದ ಎರಡೆರಡು ಸಲ ಬೆರಳಿಡುವವರಿಗಾಗಿ, ಒಂದೆರಡು ನಿಮಿಷದೊಳಗಿನ ಮರುದಾಖಲೆಯನ್ನು ಒಂದೇ ಎಂದು ಎಣಿಸುವಂತೆ ಹೇಳಿ.

ಯಂತ್ರದಿಂದ ಬಂದ ಮೂಲ ದಾಖಲೆಯನ್ನು ಯಾರೂ ತಿದ್ದಬಾರದು. ತಿದ್ದುಪಡಿ ಬೇಕಾದಾಗ ಅದನ್ನು ಪ್ರತ್ಯೇಕ ನಮೂದಾಗಿ, ಮಾಡಿದವರ ಹೆಸರು ಮತ್ತು ಕಾರಣದೊಂದಿಗೆ ಸೇರಿಸುವ ತಂತ್ರಾಂಶವನ್ನೇ ಆರಿಸಿ. ವಿವಾದ ಎದ್ದಾಗ ಕೊನೆಗೆ ನೋಡುವುದು ಆ ಮೂಲವನ್ನೇ. ಅದರ ನಕಲನ್ನು ವಾರಕ್ಕೊಮ್ಮೆಯಾದರೂ ಬೇರೆಡೆ ಉಳಿಸಿ, ಏಕೆಂದರೆ ಯಂತ್ರದ ಸ್ಮರಣೆ ತುಂಬಿದಾಗ ಕೆಲವು ಮಾದರಿಗಳು ಹಳೆಯದನ್ನು ಅಳಿಸುತ್ತವೆ, ಕೆಲವು ಹೊಸದನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತವೆ.

ಮೊದಲ ತಿಂಗಳು, ಆಮೇಲೆ

ಒಂದು ಸಂಬಳದ ಅವಧಿಯವರೆಗೆ ಹಳೆಯ ಹಾಜರಿ ಪುಸ್ತಕವನ್ನೂ ಯಂತ್ರವನ್ನೂ ಒಟ್ಟಿಗೆ ನಡೆಸಿ, ಸಂಬಳವನ್ನು ಹಳೆಯ ಲೆಕ್ಕದ ಮೇಲೆಯೇ ಕೊಡಿ. ಎರಡೂ ಎಲ್ಲೆಲ್ಲಿ ಬೇರೆಯಾಗಿವೆ ಎಂದು ಸಾಲು ಸಾಲಾಗಿ ನೋಡಿದರೆ ನಿಯಮದ ಬಿರುಕುಗಳು ಕಾಣುತ್ತವೆ. ಉದ್ಯೋಗಿಗಳಿಗೆ ತಮ್ಮ ದಾಖಲೆಯನ್ನು ತಾವೇ ನೋಡುವ ಅವಕಾಶ ಕೊಟ್ಟರೆ ತಪ್ಪುಗಳು ತಿಂಗಳ ಕೊನೆಗೆ ಕಾಯದೆ ಮರುದಿನವೇ ಹೊರಬರುತ್ತವೆ.

ಸೆನ್ಸರಿನ ಗಾಜನ್ನು ಒಣ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರೆ ಸಾಕು. ಯಾರಾದರೂ ಕೆಲಸ ಬಿಟ್ಟಾಗ ಅವರ ಟೆಂಪ್ಲೇಟನ್ನು ಯಂತ್ರದಿಂದಲೂ ತಂತ್ರಾಂಶದಿಂದಲೂ ನಕಲುಗಳಿಂದಲೂ ಅಳಿಸಿ. ಹಾಜರಾತಿಯ ದಾಖಲೆಯನ್ನು ಮಾತ್ರ ಕಾನೂನು ಹೇಳುವಷ್ಟು ಕಾಲ ಉಳಿಸಿಕೊಳ್ಳಿ. ಯಂತ್ರ ಹಳತಾಗಿ ದುರಸ್ತಿಗೋ ಗುಜರಿಗೋ ಹೋಗುವಾಗ ಅದರಲ್ಲಿರುವುದನ್ನೆಲ್ಲ ಅಳಿಸುವ ಪೂರ್ಣ ಮರುಸ್ಥಾಪನೆ (ಫ್ಯಾಕ್ಟರಿ ರೀಸೆಟ್) ಮಾಡಿ, ಬಳಕೆದಾರರ ಪಟ್ಟಿ ಬರಿದಾಗಿದೆಯೆಂದು ಪರದೆಯಲ್ಲಿ ನೋಡಿದ ಮೇಲೆಯೇ ಅದನ್ನು ಹೊರಗೆ ಕಳುಹಿಸಿ.