ಪಂಪ್ ಏರ್ ರೈಫಲ್‌ನಲ್ಲಿ ಗಾಳಿ ನಿಲ್ಲದಿದ್ದರೆ: ನನ್ನ ಅನುಭವ

ಗಂಗಾವತಿಯ ನಮ್ಮ ಮಾವನ ಹಳೆ ಪಂಪ್ ಏರ್ ರೈಫಲ್‌ನಲ್ಲಿ (ಕೈಯಿಂದ ಪಂಪ್ ಮಾಡಿ ತುಂಬಿಸಿದ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಎಷ್ಟು ಪಂಪ್ ಹೊಡೆದರೂ ಗಾಳಿ ನಿಲ್ಲುತ್ತಿರಲಿಲ್ಲ. ಈಗ ಸರಿಯಾಗಿದೆ.

ಸುಮ್ನೆ ಬಿಚ್ಚಬೇಡಿ. ಮೊದಲು ಗುಂಡು ಹಾಕದೆ ಪಂಪ್ ಮಾಡಿ ನೋಡಿ. ಪಂಪ್ ಮಾಡುವ ಹಿಡಿ ತಾನಾಗಿಯೇ ತೆರೆದುಕೊಂಡರೆ ಗಾಳಿ ಒಳಬರುವ ವಾಲ್ವ್ ಸೋರುತ್ತಿದೆ. ನಳಿಗೆಯಿಂದ ಸುಂಯ್ ಅನ್ನುವ ಸದ್ದು ಬಂದರೆ ಹೊರಬಿಡುವ ವಾಲ್ವ್ ಸೋರುತ್ತಿದೆ. ಹಿಡಿ ತಡೆಯೇ ಇಲ್ಲದೆ ಆಡಿದರೆ ಪಿಸ್ಟನ್ (ಗಾಳಿಯನ್ನು ಒತ್ತುವ ಭಾಗ) ತುದಿಯ ವಾಷರ್ ಕೆಟ್ಟಿದೆ.

ನಮ್ಮದರಲ್ಲಿ ಚರ್ಮದ ವಾಷರ್ ಒಣಗಿ ಗಟ್ಟಿಯಾಗಿತ್ತು. ಸಿಲಿಕೋನ್ ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಲ್ಲಿ ಬಿಡಿಸಿದೆ. ಮತ್ತೆ ಮೆತ್ತಗಾಯಿತು. ವಾಲ್ವಿನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂಡ ಬಿರುಕು ಬಿಟ್ಟಿತ್ತು. ಟ್ರ್ಯಾಕ್ಟರ್ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ಹಳೆಯದನ್ನು ತೋರಿಸಿದರೆ ಅದೇ ಅಳತೆಯದು ಸಿಗುತ್ತದೆ. ನಮ್ಮೂರಲ್ಲಿ ಇಂಥ ಅಂಗಡಿಗಳಿರುವುದು ನಿಜಕ್ಕೂ ಪುಣ್ಯ!

ಒಂದು ಬದಲಾವಣೆಯನ್ನೂ ಮಾಡಿದೆ. ಹಿಡಿ ಪೂರ್ತಿ ಮುಚ್ಚಿದಾಗ ಪಿಸ್ಟನ್ ತಲೆ ವಾಲ್ವಿಗೆ ತಾಗಬೇಕು. ನಡುವೆ ಜಾಗ ಉಳಿದರೆ ಅಷ್ಟು ಗಾಳಿ ವಾಲ್ವಿನೊಳಗೆ ಹೋಗದೆ ಅಲ್ಲೇ ಉಳಿಯುತ್ತದೆ, ಅಲ್ವಾ? ಪಿಸ್ಟನ್ ತಲೆಯ ಹಿಂದೆ ತೆಳು ವಾಷರ್ ಕೂರಿಸಿ ಆ ಜಾಗ ಮುಚ್ಚಿದೆ. ಹೀಗೆ ಮಾಡಿದರೆ ಪ್ರತಿ ಪಂಪಿಗೂ ಒತ್ತಡ ಜಾಸ್ತಿಯಾಗುತ್ತದೆ. ಹಾಗಾಗಿ ಎಷ್ಟು ಪಂಪ್ ಹೊಡೆಯಬಹುದು ಎಂದು ತಯಾರಕರು ಹೇಳಿದ ಮಿತಿ ದಾಟಲೇಬಾರದು.

ಎತ್ತಿಡುವಾಗ ಗುಂಡಿಲ್ಲದೆ ಒಂದು ಪಂಪ್ ಗಾಳಿ ಒಳಗೇ ಉಳಿಸಿಡಿ. ವಾಲ್ವ್ ಮುಚ್ಚಿಕೊಂಡಿರುತ್ತದೆ, ಧೂಳು ಒಳಗೆ ಹೋಗುವುದಿಲ್ಲ.