ಜಪಾನಿನ ಜಿಂಜಾಗೆ ಹೋಗುವ ಮುನ್ನ

ಜಪಾನಿಗೆ ಬಂದ ನಮ್ಮವರು ಮೊದಲ ಸಲ ಜಿಂಜಾಗೆ, ಅಂದರೆ ಜಪಾನಿನ ಮೂಲ ಧರ್ಮವಾದ ಶಿಂತೋದ ಗುಡಿಗೆ ಹೋದಾಗ ಎರಡು ವಿಷಯ ಹುಡುಕುತ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು? ದೇವರ ವಿಗ್ರಹ ಎಲ್ಲಿದೆ?

ಅಂಗಳದಲ್ಲಿ ಚಪ್ಪಲಿ ಬಿಡಬೇಕಿಲ್ಲ. ಪೂಜೆ ಮಾಡಿಸಲು ಒಳಗಿನ ಮಂಟಪ ಹತ್ತುವಾಗ ಬಿಟ್ಟರೆ ಸಾಕು. ಇನ್ನು ವಿಗ್ರಹ: ಸಾಮಾನ್ಯವಾಗಿ ಇರುವುದಿಲ್ಲ. ಒಳಗೆ ಮುಚ್ಚಿಟ್ಟ ಒಂದು ಕನ್ನಡಿಯೋ ಕತ್ತಿಯೋ ಕಲ್ಲೋ ಇರುತ್ತದೆ, ಭಕ್ತರು ಅದನ್ನು ನೋಡುವ ಪದ್ಧತಿಯಿಲ್ಲ. ನಾರಾದ ಓಮಿವಾ ಜಿಂಜಾದಲ್ಲಂತೂ ಗರ್ಭಗುಡಿಯೇ ಇಲ್ಲ. ಹಿಂದಿರುವ ಮಿವಾ ಬೆಟ್ಟವೇ ದೇವರು.

ಶಿಂತೋಗೆ ಸ್ಥಾಪಕರಿಲ್ಲ, ಇದೊಂದೇ ಧರ್ಮಗ್ರಂಥ ಅನ್ನುವಂಥದ್ದೂ ಇಲ್ಲ. 712ರ 'ಕೊಜಿಕಿ'ಯಲ್ಲಿ ದೇವರುಗಳ ಕಥೆಗಳಿವೆ, ಆದರೆ ಬಾಗಿಲಲ್ಲಿ ನಿಂತು ನಿಮ್ಮ ನಂಬಿಕೆ ಏನು ಅಂತ ಯಾರೂ ಕೇಳುವುದಿಲ್ಲ. 'ಕಾಮಿ' ಅಂದರೆ ದೇವರು: ಬೆಟ್ಟ, ಜಲಪಾತ, ಹಳೇ ಮರ, ತೀರಿಹೋದ ದೊಡ್ಡ ಮನುಷ್ಯರು, ಯಾವುದೂ ಆಗಬಹುದು. 903ರಲ್ಲಿ ತೀರಿಕೊಂಡ ವಿದ್ವಾಂಸ ಸುಗಾವಾರಾ ನೊ ಮಿಚಿಜಾನೆ ಈಗ ವಿದ್ಯೆಯ ದೇವರು. ಪರೀಕ್ಷೆ ಹತ್ತಿರ ಬಂದರೆ ಟೋಕಿಯೋದಲ್ಲಿ ಅವರ ಜಿಂಜಾ ಯುಶಿಮಾ ತೆಂಜಿನ್ ತುಂಬಾ ಹುಡುಗರು ಬರೆದು ಕಟ್ಟಿದ ಹರಕೆ ಹಲಗೆಗಳು. ದೈವ, ನಾಗಬನ, ಕೊಡಗಿನ ದೇವರಕಾಡು ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಟೋಕಿಯೋದ ಕಟ್ಟಡಗಳ ಮಧ್ಯೆ ದಟ್ಟ ಮರಗಳ ಗುಂಪು ಕಂಡರೆ ಅಲ್ಲೊಂದು ಜಿಂಜಾ ಇದ್ದರೂ ಇರಬಹುದು.

ನಮ್ಮ ಬೀದಿಯ ಜಿಂಜಾದಲ್ಲಿ ಬೆಳಿಗ್ಗೆ ಒಬ್ಬ ಅಜ್ಜಿ ಎಲೆ ಗುಡಿಸುತ್ತಾರೆ. ಇಲ್ಲಿರುವುದು ಯಾವ ದೇವರು ಅಂತ ಒಮ್ಮೆ ಕೇಳಿದೆ. ಪೊರಕೆ ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ಸರಿಯಾಗಿ ಗೊತ್ತಿಲ್ಲ, ಚಿಕ್ಕಂದಿನಿಂದ ಬರ್ತಿದ್ದೀನಿ" ಅಂದು ಮತ್ತೆ ಗುಡಿಸತೊಡಗಿದರು. ನನಗೆ ಶಿಂತೋ ತಿಳಿದದ್ದು ಅವತ್ತೇ. ಇಲ್ಲಿ ನಂಬುವುದಕ್ಕಿಂತ ಮಾಡುವುದು ಮುಖ್ಯ, ಅದರಲ್ಲೂ ಶುಚಿಯಾಗಿಡುವುದು.

ಆದ್ದರಿಂದ ಕೈ ತೊಳೆಯುವುದನ್ನು ಸರಿಯಾಗಿ ಕಲಿಯಿರಿ. ಬಾಗಿಲ ಹತ್ತಿರ ನೀರಿನ ತೊಟ್ಟಿ ಇರುತ್ತದೆ. ಬಲಗೈಯಲ್ಲಿ ಸೌಟು ಹಿಡಿದು ನೀರು ತುಂಬಿಕೊಂಡು ಎಡಗೈ ತೊಳೆಯಿರಿ. ಸೌಟು ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಅಂಗೈಗೆ ನೀರು ಹಾಕಿ ಬಾಯಿ ಮುಕ್ಕಳಿಸಿ ಪಕ್ಕಕ್ಕೆ ಉಗಿಯಿರಿ, ಸೌಟಿಗೆ ಬಾಯಿ ತಾಗಿಸಬಾರದು. ಎಡಗೈ ಇನ್ನೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ಎತ್ತಿ, ಉಳಿದ ನೀರು ಹಿಡಿಯ ಮೇಲೆ ಹರಿಯಲು ಬಿಡಿ. ನೀವು ಹಿಡಿದ ಜಾಗ ಮುಂದಿನವರಿಗಾಗಿ ತೊಳೆದು ಇಟ್ಟ ಹಾಗೆ. ಇಷ್ಟಕ್ಕೆಲ್ಲ ಒಂದೇ ಸೌಟು ನೀರು. ಕೊರೊನಾ ನಂತರ ಹಲವು ಕಡೆ ಸೌಟು ತೆಗೆದು ಬಿದಿರಿನ ಕೊಳವೆಯಿಂದ ನೀರು ಬಿಟ್ಟಿದ್ದಾರೆ.

ಇದಕ್ಕೂ ಮೊದಲು, ಒಳಗೆ ಬರುವಾಗ, ಪ್ರವೇಶದ 'ತೊರೀ' ಕಮಾನಿನ ಮುಂದೆ ಸ್ವಲ್ಪ ಬಾಗಿ, ದಾರಿಯ ಅಂಚಿನಲ್ಲಿ ನಡೆಯಿರಿ. ನಡುದಾರಿ ದೇವರಿಗೆ. ಕೈ ತೊಳೆದ ಮೇಲೆ ದೇವರ ಮುಂದಿನ ಪೆಟ್ಟಿಗೆಗೆ ನಾಣ್ಯ ಹಾಕಿ, ಗಂಟೆ ಇದ್ದರೆ ಬಾರಿಸಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು ಬೇಡಿಕೊಂಡು, ಕೊನೆಗೆ ಒಂದು ಸಲ ಬಾಗಿ. ಇಜುಮೊದಂಥ ಕೆಲವು ಜಿಂಜಾಗಳಲ್ಲಿ ನಾಲ್ಕು ಚಪ್ಪಾಳೆ. 5 ಯೆನ್ ನಾಣ್ಯ ಹಾಕುವುದು ಜಾಸ್ತಿ, ಏಕೆಂದರೆ 'ಗೊ-ಎನ್' ಅಂದರೆ ಐದು ಯೆನ್ ಅಂತಲೂ ಹೌದು, ಋಣಾನುಬಂಧ ಅಂತಲೂ ಹೌದು. ಬೇಡಿಕೊಳ್ಳಲು ಮನಸ್ಸಿಲ್ಲದವರು ಪಕ್ಕದಲ್ಲಿ ಸುಮ್ನೆ ನಿಂತರೂ ಸಾಕು. ತೆಂಗಿನಕಾಯಿ, ಕುಂಕುಮ, ಊದಿನಕಡ್ಡಿ ಒಯ್ಯಬೇಡಿ.

ಊದಿನಕಡ್ಡಿಯ ಹೊಗೆ, ಪಕ್ಕದಲ್ಲಿ ಸಮಾಧಿಗಳು ಕಂಡರೆ ಅದು ಬೌದ್ಧ ದೇವಸ್ಥಾನ. ಅಲ್ಲಿ ಚಪ್ಪಾಳೆ ತಟ್ಟಬಾರದು. 1868ರಲ್ಲಿ ಸರ್ಕಾರ ಬೇರ್ಪಡಿಸುವ ತನಕ ಎರಡೂ ಬೆರೆತೇ ಇದ್ದವು. ನಮ್ಮ ಸರಸ್ವತಿ ಬೌದ್ಧರ ಜೊತೆ ಇಲ್ಲಿಗೆ ಬಂದು ಬೆಂಜೈತೆನ್ ಆದಳು. ಎನೊಶಿಮಾ ಜಿಂಜಾದಲ್ಲಿ ಅವಳ ವಿಗ್ರಹವನ್ನೇ ನೋಡಬಹುದು, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ಜಪಾನಿ ತಂತಿವಾದ್ಯ.

ಸೂತಕ ಇಲ್ಲೂ ಇದೆ, 'ಕೆಗಾರೆ' ಅನ್ನುತ್ತಾರೆ. ಮನೆಯಲ್ಲಿ ಸಾವಾದರೆ ಸುಮಾರು 50 ದಿನ ಜಿಂಜಾಗೆ ಹೋಗುವುದಿಲ್ಲ, ಅಂತ್ಯಕ್ರಿಯೆ ಹೆಚ್ಚಾಗಿ ಬೌದ್ಧ ರೀತಿಯಲ್ಲಿ. ಜಪಾನಿ ಸ್ನೇಹಿತರು ತೊರೀ ಹೊರಗೇ ನಿಂತರೆ ಒತ್ತಾಯ ಮಾಡಬೇಡಿ.

ಮಕ್ಕಳಿದ್ದರೆ ನವೆಂಬರ್ 15ರ ಆಸುಪಾಸು ಶಿಚಿ-ಗೊ-ಸಾನ್ (ಏಳು-ಐದು-ಮೂರು) ಎಂಬ ಮಕ್ಕಳ ಪೂಜೆ ಮಾಡಿಸಬಹುದು. ಹೆಣ್ಣುಮಕ್ಕಳಿಗೆ 3 ಮತ್ತು 7, ಗಂಡುಮಕ್ಕಳಿಗೆ 5 ವರ್ಷಕ್ಕೆ. ದಕ್ಷಿಣೆ ಸಾಮಾನ್ಯವಾಗಿ 5,000ದಿಂದ 10,000 ಯೆನ್, ಕವರಿನಲ್ಲಿಟ್ಟು ಕೊಡಬೇಕು. ಅಲ್ಲಿ ಕೊಳ್ಳುವ 'ಓಮಾಮೊರಿ' ತಾಯಿತದ ಚೀಲ ಬಿಚ್ಚಿ ನೋಡಬೇಡಿ. ವರ್ಷವಾದ ಮೇಲೆ ಕಸಕ್ಕೆ ಹಾಕದೆ ಅದೇ ಜಿಂಜಾಗೆ ಮರಳಿಸಿ.

ಬೀದಿಯ ಜಾತ್ರೆಯನ್ನಂತೂ ಬಿಡಬೇಡಿ. ದೇವರನ್ನು 'ಮಿಕೋಶಿ' ಪಲ್ಲಕ್ಕಿಯಲ್ಲಿ ಹೊತ್ತು ಬೀದಿ ಸುತ್ತಿಸುತ್ತಾರೆ. ಹೊರುವವರು ಎಷ್ಟಿದ್ದರೂ ಸಾಲದು. ಬಡಾವಣೆ ಸಂಘದಲ್ಲಿ ಮೊದಲೇ ಕೇಳಿ, ಮೇಲಂಗಿ ಅವರೇ ಕೊಟ್ಟಾರು. ಭುಜಕ್ಕೆ ದಪ್ಪ ಟವೆಲ್ ಒಂದು ನೀವೇ ತನ್ನಿ.