ಬಾಮೈದನ ನಂಬರನ್ನು ನನ್ನ ಹೆಸರಿಗೆ ಮಾಡಿಸಿಕೊಂಡದ್ದು

ಮಂಡ್ಯದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ಬಾಮೈದ ಕೆಲಸ ಸಿಕ್ಕಿ ದುಬೈಗೆ ಹೊರಟಾಗ ಅಂಗಡಿಯನ್ನು ನಾನು ವಹಿಸಿಕೊಂಡೆ. ಅವನ ಪೋಸ್ಟ್‌ಪೇಯ್ಡ್ ಕನೆಕ್ಷನ್ನನ್ನೂ ಕಂತಿನಲ್ಲಿ ಕೊಂಡಿದ್ದ ಫೋನನ್ನೂ ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. “ಎರಡೂ ನೀವೇ ಇಟ್ಕೊಳ್ಳಿ ಭಾವ, ಉಳಿದ ಕಂತು ಕಟ್ಕೊಂಡು ಹೋದರಾಯ್ತು” ಎಂದು ಅವನು ಸಲೀಸಾಗಿ ಹೇಳಿದ.

ನಂಬರನ್ನು ಬಿಡುವ ಹಾಗಿರಲಿಲ್ಲ. ಸುತ್ತಲಿನ ಗದ್ದೆಗಳ ಸ್ಟಾರ್ಟರ್ ಡಬ್ಬಿಗಳ ಮುಚ್ಚಳದ ಒಳಬದಿಯಲ್ಲಿ ಅವನು ಪೇಂಟಿನಿಂದ ಬರೆದ ಹತ್ತು ಅಂಕಿಗಳಿದ್ದವು. ಮೋಟಾರ್ ಸುಟ್ಟಾಗ ರೈತರು ನೋಡುತ್ತಿದ್ದುದು ಅದನ್ನೇ. ಫೋನಿನ ಲೆಕ್ಕ ಬೇರೆ. ತಲಾ 2,150 ರೂಪಾಯಿಯ 11 ಕಂತುಗಳು ಬಾಕಿ, ಅಂದರೆ 23,650 ರೂಪಾಯಿ. ಅದೇ ಮಾಡೆಲ್ ಸೆಕೆಂಡ್ ಹ್ಯಾಂಡಿನಲ್ಲಿ 16,000ಕ್ಕೆ ಸಿಗುತ್ತಿತ್ತು. ಸಾಲ ಅವನ ಹೆಸರಿನಲ್ಲಿದ್ದುದರಿಂದ, ನಾನು ಒಂದು ಕಂತು ತಪ್ಪಿಸಿದರೂ ಕೆಡುವುದು ಅವನ ಸಿಬಿಲ್ ಸ್ಕೋರ್. ಫೋನು ಬೇಡವೆಂದೆ. ಅವನಿಗೆ ಬೇಸರವಾಯಿತು, ನನ್ನ ಹೆಂಡತಿಗೆ ಅದಕ್ಕಿಂತ ಹೆಚ್ಚು.

ಆಮೇಲೆ ಕೊನೆಯ ಮೂರು ತಿಂಗಳ ಬಿಲ್ಲುಗಳನ್ನು ತೆಗೆಸಿ ಸಾಲುಸಾಲಾಗಿ ನೋಡಿದೆ. 599 ರೂಪಾಯಿಯ ಪ್ಲಾನ್ ಎಂದು ಅವನು ಹೇಳುತ್ತಿದ್ದುದು ಶೇ 18ರ ಜಿಎಸ್‌ಟಿ ಸೇರಿ 706 ರೂಪಾಯಿ 82 ಪೈಸೆಯಾಗುತ್ತಿತ್ತು; ಹಿಂದಿನ ತಿಂಗಳ ಬಾಕಿಯೂ ಅದರ ಬೆನ್ನಿಗಿತ್ತು. ಬೇರೆ ಕಂಪನಿಗೆ ಪೋರ್ಟ್ ಮಾಡಿಸೋಣವೆಂದರೆ, ಗಡುವು ದಾಟಿದ ಪೋಸ್ಟ್‌ಪೇಯ್ಡ್ ಬಾಕಿ ಇರುವಾಗ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೂ ಪೋರ್ಟಿಂಗ್ ಕೋಡ್ ಬರುವುದಿಲ್ಲ. ಪೋರ್ಟ್ ಆದರೂ ಬದಲಾಗುವುದು ಕಂಪನಿಯೇ ಹೊರತು ಮಾಲೀಕನ ಹೆಸರಲ್ಲ. ಅವನ ಹೆಸರಿನಲ್ಲೇ ಬಿಟ್ಟು ಸಿಮ್ ಬಳಸುತ್ತ ಹೋಗಬಹುದಿತ್ತು, ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಸಿಮ್ ಕಳೆದುಹೋದ ದಿನ ಡೂಪ್ಲಿಕೇಟ್ ಕೇಳಲು ದುಬೈಯಿಂದ ಅವನೇ ಬರಬೇಕಾಗುತ್ತಿತ್ತು.

ಆದ್ದರಿಂದ ಅವನು ಹೊರಡುವ ಮೊದಲೇ ಇಬ್ಬರೂ ಆಧಾರ್ ಕಾರ್ಡ್ ಹಿಡಿದು ಕಂಪನಿಯ ಮಳಿಗೆಗೆ ಹೋದೆವು. ಅವನು ಬಾಕಿ ಕಟ್ಟಿ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದ, ನನ್ನ ಕೆವೈಸಿ ಹೊಸದಾಗಿ ಆಯಿತು. ಅಲ್ಲಿಗೆ ಹೋಗುವ ಮುಂಚಿನ ವಾರವೆಲ್ಲ ಹಿಡಿದದ್ದು ಇನ್ನೊಂದು ಕೆಲಸ: ಆ ನಂಬರಿಗೆ ಅಂಟಿಕೊಂಡಿದ್ದ ಬ್ಯಾಂಕ್ ಖಾತೆ, ಯುಪಿಐ, ಆಧಾರ್ ಎಲ್ಲವನ್ನೂ ಅವನ ಎರಡನೆಯ ನಂಬರಿಗೆ ಬದಲಿಸುವುದು. ಅವನ ಒಟಿಪಿಗಳು ನನ್ನ ಜೇಬಿಗೆ ಬರುವುದು ನನಗೆ ಬೇಕಿರಲಿಲ್ಲ.

ಒಂದನ್ನು ಮಾತ್ರ ಮರೆತಿದ್ದೆವು. ಗ್ಯಾಸ್ ಸಿಲಿಂಡರ್ ಹೊತ್ತ ಹುಡುಗ ಮನೆ ಬಾಗಿಲಲ್ಲಿ ನಿಂತಾಗ ನಮ್ಮ ಅತ್ತೆ ಈಗಲೂ ಅಂಗಡಿಗೆ ಫೋನ್ ಮಾಡಿ, ಕೋಡ್ ಬಂತೇ ಎಂದು ಕೇಳುತ್ತಾರೆ.